ಎಲೆಕ್ಟ್ರಾನ್ ಹೆಚ್ಚಾದರೂ ಪರಮಾಣು ಕುಗ್ಗುವುದೇಕೆ?

ಪ್ರಶ್ನೆ: ನಾನು ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಆವರ್ತ ಕೋಷ್ಟಕದಲ್ಲಿ ಎಡದಿಂದ ಬಲಕ್ಕೆ ಹೋದಂತೆ ಪರಮಾಣುವಿನ ಗಾತ್ರ ಕಡಿಮೆಯಾಗುತ್ತದೆ ಎಂದು ಬಾಣ ಹಾಕಿ ಬರೆಸಿದ್ದಾರೆ. ಆದರೆ ಎಲೆಕ್ಟ್ರಾನ್‌ಗಳು ಒಂದೊಂದಾಗಿ ಜಾಸ್ತಿ ಆಗುತ್ತಲೇ ಹೋಗುತ್ತವಲ್ಲ ಸರ್? ತುಂಬಿದಷ್ಟೂ ಚೀಲ ಉಬ್ಬಬೇಕು, ಕುಗ್ಗುವುದು ಹೇಗೆ? ಬಾಣಗಳನ್ನು ಬಾಯಿಪಾಠ ಮಾಡಿದರೂ ಪರೀಕ್ಷೆಯಲ್ಲಿ ಉಲ್ಟಾ ಆಗುತ್ತವೆ.
– ವಿದ್ಯಾರ್ಥಿನಿ, ಹಾವೇರಿ

ಉತ್ತರ: ಬಾಣ ಉಲ್ಟಾ ಬರೆದು ಅಂಕ ಕಳೆದುಕೊಂಡವರಲ್ಲಿ ನಾನೂ ಒಬ್ಬ. ಹಾಗಾಗಿ ಬಾಣವನ್ನು ಸ್ವಲ್ಪ ಹೊತ್ತು ಮರೆತುಬಿಡೋಣ.

ನಿಮ್ಮ ಚೀಲದ ಹೋಲಿಕೆಯಲ್ಲಿ ಒಂದು ತೊಡಕಿದೆ. ಚೀಲ ಅಕ್ಕಿಯನ್ನು ಒಳಕ್ಕೆ ಎಳೆಯುವುದಿಲ್ಲ. ಪರಮಾಣುವಿನಲ್ಲಿ ಎಳೆಯುವುದಕ್ಕೆ ನ್ಯೂಕ್ಲಿಯಸ್ ಇದೆ. ಬಲಕ್ಕೆ ಒಂದು ಮನೆ ಸರಿದಾಗ ಹೊರಗೆ ಒಂದು ಎಲೆಕ್ಟ್ರಾನ್ ಸೇರುತ್ತದೆ ನಿಜ, ಆದರೆ ಒಳಗೆ ಒಂದು ಪ್ರೋಟಾನೂ ಸೇರುತ್ತದೆ. ಎಳೆತವೂ ಅಷ್ಟರಮಟ್ಟಿಗೆ ಬಿಗಿಯಾಗುತ್ತದೆ.

ಹಾಗಾದರೆ ಹೊಸ ಎಲೆಕ್ಟ್ರಾನ್ ಆ ಎಳೆತವನ್ನು ಸರಿದೂಗಿಸುವುದಿಲ್ಲವೇ? ಇಲ್ಲ. ಜಾತ್ರೆಯಲ್ಲಿ ತೇರು ನೋಡಲು ನಿಂತಿದ್ದೀರಿ ಎಂದುಕೊಳ್ಳಿ. ನಿಮಗೆ ತೇರು ಕಾಣದಂತೆ ಮಾಡುವವರು ಮುಂದಿನ ಸಾಲಿನವರು. ಪಕ್ಕದಲ್ಲಿ ನಿಂತವರು ಹೆಚ್ಚೆಂದರೆ ಭುಜ ತಾಗಿಸುತ್ತಾರೆ, ಅಷ್ಟೇ. ಪರಮಾಣುವಿನಲ್ಲೂ ಒಳಗಿನ ಕವಚದ ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್ಸಿನ ಎಳೆತವನ್ನು ಚೆನ್ನಾಗಿ ಮರೆ ಮಾಡುತ್ತವೆ. ಅದೇ ಕವಚದ ನೆರೆಯವರು ಅಷ್ಟಾಗಿ ಮರೆ ಮಾಡುವುದಿಲ್ಲ.

ಈಗ ಸೋಡಿಯಂ ನೋಡಿ. ಒಳಗೆ 11 ಪ್ರೋಟಾನ್, ಮುಂದಿನ ಸಾಲುಗಳಲ್ಲಿ 10 ಎಲೆಕ್ಟ್ರಾನ್, ಹೊರಗೆ ಒಂದೇ ಒಂದು. ಕ್ಲೋರಿನ್‌ನಲ್ಲಿ ಪ್ರೋಟಾನ್ 17. ಆದರೆ ಮರೆ ಮಾಡುವವರು ಅದೇ 10. ಹೊರಗಿನ ಏಳೂ ಎಲೆಕ್ಟ್ರಾನ್‌ಗಳಿಗೆ ಎಳೆತ ನೇರವಾಗಿ ತಟ್ಟುತ್ತದೆ. ಅದಕ್ಕೇ ಸೋಡಿಯಂನ ತ್ರಿಜ್ಯ 186 ಪಿಕೋಮೀಟರ್ ಇದ್ದರೆ ಕ್ಲೋರಿನ್‌ನದ್ದು ಬರೀ 99. ಒಂದು ಮೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಪಿಕೋಮೀಟರ್. ಲೋಹಕ್ಕೂ ಅಲೋಹಕ್ಕೂ ತ್ರಿಜ್ಯ ಅಳೆಯುವ ರೀತಿ ಬೇರೆ, ಆದ್ದರಿಂದ ಈ ಎರಡು ಅಂಕಿಗಳನ್ನು ತಕ್ಕಡಿಯಲ್ಲಿಟ್ಟು ತೂಗಬೇಡಿ. ಕುಗ್ಗುವುದಂತೂ ದಿಟ.

ಕೆಳಕ್ಕೆ ಇಳಿದರೆ ಕಥೆಯೇ ಬೇರೆ. ಅಲ್ಲಿ ಪ್ರತಿ ಹೆಜ್ಜೆಗೂ ಹೊಸ ಸಾಲೇ ಹುಟ್ಟುತ್ತದೆ. ಕೊನೆಯ ಸಾಲಿನವನಿಗೆ ತೇರು ದೂರ, ಮುಂದೆ ಜನವೂ ಜಾಸ್ತಿ. ಗಾತ್ರ ಹಿಗ್ಗುತ್ತದೆ.

ಇದು ಹಿಡಿತಕ್ಕೆ ಬಂದರೆ ಅಯಾನೀಕರಣ ಶಕ್ತಿಗೆ ಬೇರೆ ಬಾಣ ಬೇಕಿಲ್ಲ. ಎಳೆತ ಬಿಗಿಯಿದ್ದಲ್ಲಿ ಎಲೆಕ್ಟ್ರಾನ್ ಕೀಳುವುದು ಕಷ್ಟ. ಸೋಡಿಯಂನಿಂದ ಮೊದಲ ಎಲೆಕ್ಟ್ರಾನ್ ಕೀಳಲು ಮೋಲ್‌ಗೆ 496 ಕಿಲೋಜೂಲ್ ಸಾಕು, ಕ್ಲೋರಿನ್‌ಗೆ 1251 ಬೇಕು. ಸೋಡಿಯಂನ ಎರಡನೆಯ ಎಲೆಕ್ಟ್ರಾನ್‌ಗೆ ಕೈ ಹಾಕಿದರೆ ಮಾತ್ರ ಲೆಕ್ಕ 4562ಕ್ಕೆ ಹಾರುತ್ತದೆ! ಅದು ಒಳಗಿನ ಸಾಲಿನದು, ಮುಂದೆ ಮರೆ ಕಡಿಮೆ. ಅಡುಗೆ ಉಪ್ಪಿನಲ್ಲಿ ಒಂದು ಸೋಡಿಯಂಗೆ ಒಂದೇ ಕ್ಲೋರಿನ್ ಯಾಕೆ, ಎರಡು ಯಾಕಿಲ್ಲ ಎನ್ನುವುದಕ್ಕೆ ಉತ್ತರ ಈ ಅಂಕಿಯಲ್ಲೇ ಇದೆ. ಇನ್ನು ಎರಡು ಕ್ಲೋರಿನ್‌ಗಳೇ ಎದುರುಬದುರಾದರೆ ಇಬ್ಬರ ಎಳೆತವೂ ಸಮ. ಯಾರೂ ಯಾರಿಂದಲೂ ಕಿತ್ತುಕೊಳ್ಳಲಾಗದೆ ಹಂಚಿಕೊಳ್ಳುತ್ತಾರೆ. ಅದೇ ಕೋವೆಲೆಂಟ್ ಬಂಧ.

ಪರೀಕ್ಷೆಯಲ್ಲಿ ಕೇಳುವ ಒಂದು ಕೊಕ್ಕೆ ಪ್ರಶ್ನೆ: ಮೊದಲ ಎಲೆಕ್ಟ್ರಾನ್ ಕೀಳಲು ನೈಟ್ರೋಜನ್‌ಗೆ 1402, ಅದರ ಬಲಗಡೆಯ ಆಕ್ಸಿಜನ್‌ಗೆ 1314. ಇಲ್ಲಿ ಯಾಕೆ ಇಳಿಯಿತು? ಕವಚದೊಳಗೆ ಎಲೆಕ್ಟ್ರಾನ್‌ಗಳು ಎಸ್, ಪಿ, ಡಿ, ಎಫ್ ಎಂಬ ಬಗೆಯ ಕೋಣೆಗಳಲ್ಲಿ ಇರುತ್ತವೆ, ಪಿ ಕೋಣೆಗಳು ಮೂರು. ಆಕ್ಸಿಜನ್‌ನ ನಾಲ್ಕನೆಯ ಪಿ ಎಲೆಕ್ಟ್ರಾನ್, ಆಗಲೇ ಒಬ್ಬರಿರುವ ಕೋಣೆಗೆ ಹೋಗಿ ಕೂರಬೇಕು. ಇಬ್ಬರ ನಡುವೆ ವಿಕರ್ಷಣೆ ಇರುವುದರಿಂದ ಒಬ್ಬರನ್ನು ಹೊರಗೆ ಕಳಿಸುವುದು ಸ್ವಲ್ಪ ಸಲೀಸು.

ಪ್ರಶ್ನೆ: ಫ್ಲೋರಿನ್ ಎಲ್ಲಕ್ಕಿಂತ ಉಗ್ರ ಧಾತು ಎಂದು ಮಕ್ಕಳಿಗೆ ಹೇಳಿಕೊಡುತ್ತೇನೆ. ನಮ್ಮೂರ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಆದರೆ ಕೊಡದಲ್ಲಿ ತಣ್ಣಗೆ ಕೂತಿರುತ್ತದೆ! ಒಬ್ಬ ಹುಡುಗ ಇದನ್ನೇ ಕೇಳಿದ. ಜೊತೆಗೆ, ಎಲೆಕ್ಟ್ರಾನ್ ಸೇರಿಸಿಕೊಂಡಾಗ ಹೆಚ್ಚು ಶಕ್ತಿ ಬಿಡುವುದು ಕ್ಲೋರಿನ್ ಅಂತೆ. ಹಾಗಾದರೆ ಫ್ಲೋರಿನ್ ಉಗ್ರ ಹೇಗೆ?
– ಶಿಕ್ಷಕರು, ಪಾವಗಡ

ಉತ್ತರ: ಆ ಹುಡುಗನಿಗೆ ಶಹಬ್ಬಾಸ್ ಹೇಳಿ.

ಎರಡನೆಯದನ್ನು ಮೊದಲು ನೋಡೋಣ. ನೀವು ಕೇಳಿದ್ದು ಸರಿ: ಕ್ಲೋರಿನ್ ಮೋಲ್‌ಗೆ 349 ಕಿಲೋಜೂಲ್ ಬಿಡುತ್ತದೆ, ಫ್ಲೋರಿನ್ 328. ಫ್ಲೋರಿನ್‌ನದು ತೀರಾ ಪುಟ್ಟ ಮನೆ. ಆಗಲೇ ಏಳು ಜನ ಒತ್ತೊತ್ತಾಗಿದ್ದಾರೆ, ಎಂಟನೆಯವರು ಬಂದರೆ ಇರುಸುಮುರುಸು. ಇದೇ ಇಕ್ಕಟ್ಟಿನಿಂದ ಎರಡು ಫ್ಲೋರಿನ್‌ಗಳ ನಡುವಿನ ಬಂಧವೂ ಸಡಿಲ. ಕ್ಲೋರಿನ್ ಜೋಡಿ ಮುರಿಯಲು 242 ಕಿಲೋಜೂಲ್ ಬೇಕಾದರೆ ಇದಕ್ಕೆ 158 ಸಾಕು. ಬೇಗ ಬೇರ್ಪಡುತ್ತದೆ, ಬೇರ್ಪಟ್ಟ ಮೇಲೆ ಹೈಡ್ರೋಜನ್‌ನಂಥವರನ್ನು ಬಹಳ ಗಟ್ಟಿಯಾಗಿ ಹಿಡಿಯುತ್ತದೆ. ಉಗ್ರತೆ ಬರುವುದು ಈ ಎರಡೂ ಸೇರಿ. ಇದನ್ನು ಶುದ್ಧವಾಗಿ ಬೇರ್ಪಡಿಸಲು ವಿಜ್ಞಾನಿಗಳಿಗೆ ಎಷ್ಟೋ ವರ್ಷ ಆಗಲಿಲ್ಲ. 1886ರಲ್ಲಿ ಫ್ರಾನ್ಸಿನ ಆನ್ರಿ ಮ್ವಾಸಾನ್ ಸಾಧಿಸಿದರು, 1906ರಲ್ಲಿ ಅವರಿಗೆ ನೊಬೆಲ್ ಬಂತು.

ಇನ್ನು ಕೊಡದ ನೀರು. ಅಲ್ಲಿರುವುದು ಫ್ಲೋರಿನ್ ಅಲ್ಲ, ಫ್ಲೋರೈಡ್. ಬೇಕಿದ್ದ ಎಲೆಕ್ಟ್ರಾನ್ ಸಿಕ್ಕಾಗಿದೆ. ಹಸಿದವನ ರಂಪಾಟ ಉಂಡವನಿಗೆ ಇರುವುದಿಲ್ಲ, ಅಲ್ವಾ? ಎಷ್ಟು ಆಸೆಯಿಂದ ಎಲೆಕ್ಟ್ರಾನ್ ತೆಗೆದುಕೊಂಡಿತೋ ಅಷ್ಟೇ ಬಿಗಿಯಾಗಿ ಇಟ್ಟುಕೊಂಡಿದೆ.

ತಣ್ಣಗಿದೆ ಎಂದು ಸುಮ್ನಿರುವ ಹಾಗೂ ಇಲ್ಲ. ಹಲ್ಲು, ಮೂಳೆಯ ಖನಿಜದಲ್ಲಿ ಹೈಡ್ರಾಕ್ಸೈಡ್ ಅಯಾನ್ ಇರುತ್ತದೆ. ಫ್ಲೋರೈಡ್‌ನ ಗಾತ್ರ ಹೆಚ್ಚುಕಮ್ಮಿ ಅಷ್ಟೇ, ಋಣ ಆವೇಶವೂ ಒಂದೇ. ಅಳತೆ ಸರಿಹೊಂದುವುದರಿಂದ ಅದರ ಜಾಗದಲ್ಲಿ ಹೋಗಿ ಕೂರುತ್ತದೆ. ಸ್ವಲ್ಪವಾದರೆ ಹಲ್ಲಿಗೆ ಒಳ್ಳೆಯದು, ವರ್ಷಗಟ್ಟಲೆ ಹೆಚ್ಚಾದರೆ ಹಲ್ಲು ಕಲೆಗಟ್ಟುತ್ತದೆ, ಮೂಳೆ ಬಿಗಿಯುತ್ತದೆ. ನಮ್ಮ ದೇಶದ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದೇ ಇನ್ನಷ್ಟು ಗಟ್ಟಿಯಾಗುತ್ತದೆ. ದಯವಿಟ್ಟು ಇದನ್ನು ಮಕ್ಕಳ ಮನೆಯವರಿಗೂ ಹೇಳಿ.

ಪ್ರಶ್ನೆ: ಗ್ಯಾಲಿಯಂ ಅಲ್ಯೂಮಿನಿಯಂನ ಕೆಳಗಿದ್ದರೂ ಅದಕ್ಕಿಂತ ಚಿಕ್ಕದು ಎಂದು ಓದಿದೆ. ಅಚ್ಚಿನ ತಪ್ಪೇ?
– ಓದುಗರು, ಶಿರಸಿ

ಉತ್ತರ: ತಪ್ಪಲ್ಲ. ಅಲ್ಯೂಮಿನಿಯಂ 143, ಗ್ಯಾಲಿಯಂ 135 ಪಿಕೋಮೀಟರ್. ನಡುವೆ ಹತ್ತು ಡಿ ಎಲೆಕ್ಟ್ರಾನ್‌ಗಳು ಬಂದಿವೆ. ಇವು ಮುಂದಿನ ಸಾಲಿನಲ್ಲಿದ್ದರೂ ಮರೆ ಮಾಡುವುದರಲ್ಲಿ ಸೋಮಾರಿಗಳು. ಅವುಗಳ ಜೊತೆಗೆ ಒಳಗೆ ಹತ್ತು ಪ್ರೋಟಾನ್‌ಗಳೂ ಸೇರಿವೆ, ಎಳೆತ ಗೆಲ್ಲುತ್ತದೆ.

ಎಫ್ ಎಲೆಕ್ಟ್ರಾನ್‌ಗಳು ಇನ್ನೂ ಸೋಮಾರಿಗಳು. ಅವು ಹದಿನಾಲ್ಕು ಬಂದುಹೋದ ಮೇಲೆ ಸಿಗುವ ಹಾಫ್ನಿಯಂ, ತನ್ನ ಮೇಲಿನ ಮನೆಯ ಜಿರ್ಕೋನಿಯಂನಷ್ಟೇ ಇದೆ: 159 ಮತ್ತು 160. ರಸಾಯನ ಗುಣದಲ್ಲೂ ಅವಳಿಗಳು. ಅದಿರಿನಲ್ಲಿ ಒಟ್ಟಿಗೇ ಇರುತ್ತವೆ, ಬೇರ್ಪಡಿಸುವುದು ತಲೆನೋವು. ಬೇರ್ಪಡಿಸದೆ ವಿಧಿಯೂ ಇಲ್ಲ. ನಿಮ್ಮ ಜಿಲ್ಲೆಯ ಕೈಗಾ ಅಣುಸ್ಥಾವರದಲ್ಲಿ ಯುರೇನಿಯಂ ಇಂಧನ ತುಂಬುವ ಕೊಳವೆಗಳು ಜಿರ್ಕೋನಿಯಂ ಮಿಶ್ರಲೋಹದವು, ಯಾಕೆಂದರೆ ಯುರೇನಿಯಂ ಒಡೆಯಲು ಬೇಕಾದ ನ್ಯೂಟ್ರಾನ್‌ಗಳನ್ನು ಜಿರ್ಕೋನಿಯಂ ಸುಲಭವಾಗಿ ಹಾಯಗೊಡುತ್ತದೆ. ಹಾಫ್ನಿಯಂ ಅವನ್ನು ನುಂಗಿ ಕೂರುತ್ತದೆ.