ಹೊಳೆಯ ಮೀನಿನ ಲೆಕ್ಕ ಇಡೋದು ಹೇಗೆ?

ಪ್ರಶ್ನೆ: ನಮ್ಮೂರು ಕಾವೇರಿ ದಡದಲ್ಲಿದೆ. ಆಳುದ್ದದ ಬಿಳಿಮೀನು (ಮಹಶೀರ್) ನೋಡಿದ್ದೆ ಅಂತ ತಾತ ಹೇಳುತ್ತಿದ್ದರು, ಈಗ ಅಂಥದ್ದು ಕಾಣುವುದಿಲ್ಲ. ಆದರೆ ಬಿಳಿಮೀನು ಮೊದಲಿಗಿಂತ ಜಾಸ್ತಿಯಾಗಿದೆ ಅನ್ನುವವರೂ ಇದ್ದಾರೆ. ನೀರೊಳಗಿನ ಮೀನನ್ನು ಎಣಿಸಲು ಆಗುವುದಿಲ್ಲ ಅಲ್ವಾ? ಮತ್ತೆ ಹೆಚ್ಚು ಕಡಿಮೆ ಗೊತ್ತಾಗುವುದು ಹೇಗೆ?

ಉತ್ತರ: ನಿಮ್ಮ ತಾತನನ್ನು ನಂಬಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಬಿಳಿಮೀನು 120 ಪೌಂಡ್ ತೂಗಿತ್ತು. ಅಂದರೆ ಸುಮಾರು 54 ಕಿಲೋ! ಜಾಸ್ತಿಯಾಗಿದೆ ಅನ್ನುವವರೂ ಸುಳ್ಳು ಹೇಳುತ್ತಿಲ್ಲ.

ಮೀನನ್ನು ಎಣಿಸಲು ಆಗದಿದ್ದರೂ ಮೀನು ಹಿಡಿಯಲು ಕೂತ ಹೊತ್ತನ್ನು ಎಣಿಸಬಹುದು. ಹತ್ತು ಮೀನು ಸಿಕ್ಕಿತು ಅಂದರೆ ಏನೂ ತಿಳಿಯದು. ಎಷ್ಟು ಗಂಟೆಗೆ ಹತ್ತು ಅಂತ ಹೇಳಿದರೆ ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸಬಹುದು. ಜಾಗ, ಕಾಲ, ಹಿಡಿಯುವ ರೀತಿ ಮಾತ್ರ ಬದಲಾಗಬಾರದು.

ನಿಮ್ಮ ಹೊಳೆಯಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಕಾವೇರಿ ದಡದ ಗಾಳಿಬೋರೆ ಶಿಬಿರದಲ್ಲಿ ಹಿಂದೆ ಹವ್ಯಾಸಕ್ಕೆ ಗಾಳ ಹಾಕುವವರು ಮೀನು ಹಿಡಿದು, ತೂಗಿ, ಮತ್ತೆ ನೀರಿಗೇ ಬಿಡುತ್ತಿದ್ದರು. ಅಲ್ಲಿನ 1998ರಿಂದ 2012ರವರೆಗಿನ ದಾಖಲೆ ಪುಸ್ತಕಗಳನ್ನು ಸಂಶೋಧಕರು ಕೂತು ಓದಿದರು. 23,620 ಗಂಟೆ ಗಾಳ ಹಾಕಿದ್ದಕ್ಕೆ ಸಿಕ್ಕಿದ್ದು 6,161 ಬಿಳಿಮೀನು. ನಾಲ್ಕು ಗಂಟೆ ಕೂತರೆ ಒಂದು, ತಾಳ್ಮೆ ಬೇಕು ಬಿಡಿ. ವರ್ಷ ಕಳೆದಂತೆ ಗಂಟೆಗೆ ಸಿಗುವ ಮೀನು ಹೆಚ್ಚಾಯಿತು, ಸರಾಸರಿ ತೂಕ ಇಳಿಯಿತು. ಮರಿಗಳು ಚೆನ್ನಾಗಿ ಬದುಕುತ್ತಿವೆ ಅಂತ ಅರ್ಥ. ಖುಷಿಯ ಸುದ್ದಿ ಅಲ್ವಾ?

ಆದರೆ ಪುಸ್ತಕದಲ್ಲಿ ಮೀನಿನ ಬಗೆಯನ್ನೂ ಬರೆದಿಟ್ಟಿದ್ದರು. ಅದನ್ನು ಬಿಡಿಸಿ ನೋಡಿದಾಗ ಕಥೆಯೇ ಬೇರೆ. ಹೆಚ್ಚಾಗಿದ್ದು ನೀಲಿ ರೆಕ್ಕೆಯದು. ಅದು ಇಲ್ಲಿಯದಲ್ಲ, ಮಹಾರಾಷ್ಟ್ರದ ಲೋನಾವಳದಲ್ಲಿ ಮರಿ ಮಾಡಿಸಿ ಹೊಳೆಗೆ ಬಿಟ್ಟಿದ್ದು. ಕಾವೇರಿಯದೇ ಆದ, ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಬಿಳಿಮೀನು ಕಡಿಮೆಯಾಗುತ್ತಾ ಬಂದಿತ್ತು. ಸಿಕ್ಕರೂ ಬರೀ ದೊಡ್ಡವೇ. ಗಾಳ ಹಾಕಿದವರಿಗೆ ಅದು ಹಬ್ಬವೇ ಇರಬಹುದು, ನನಗೆ ಮಾತ್ರ ಓದಿ ಗಾಬರಿಯಾಯಿತು. ಬರೀ ಮುದುಕರೇ ಇರುವ ಊರಿನ ಹಾಗೆ, ಹೊಸ ಮರಿಗಳೇ ಬರುತ್ತಿರಲಿಲ್ಲ. ಈ ಗೂನುಬೆನ್ನಿನ ಮೀನಿಗೆ ಟಾರ್ ರೆಮಾದೇವಿ ಅನ್ನುವ ವೈಜ್ಞಾನಿಕ ಹೆಸರು ಗಟ್ಟಿಯಾಗಿದ್ದೇ 2018ರಲ್ಲಿ. ಅದೇ ವರ್ಷ, ಅಪಾಯದಲ್ಲಿರುವ ಜೀವಿಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಸಾಲಿಗೂ ಸೇರಿತು.

ಒಟ್ಟು ಲೆಕ್ಕ ಮಾತ್ರ ಇಟ್ಟಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ನೀವೂ ಒಂದು ನೋಟ್‌ಬುಕ್ ಇಡಬಹುದು. ಅಭಯಾರಣ್ಯದೊಳಗೆ ಗಾಳ ಹಾಕುವಂತಿಲ್ಲ, ಅದರ ಗೋಜಿಗೆ ಹೋಗಬೇಡಿ. ಹೊರಗೆ ಬಲೆ ಬೀಸುವ ನಿಮ್ಮೂರಿನವರನ್ನೇ ಕೇಳಿ: ಎಲ್ಲಿ, ಎಷ್ಟು ಹೊತ್ತು, ಬಲೆಯ ಕಣ್ಣು ಎಷ್ಟು, ಯಾವ ಮೀನು, ಎಷ್ಟು ತೂಕ. ರೆಕ್ಕೆಯ ಬಣ್ಣ ಕಾಣುವ ಹಾಗೆ ಒಂದು ಫೋಟೊ ಇರಲಿ. ಏನೂ ಸಿಗದ ದಿನ ಸುಮ್ನೆ ಬಿಡಬೇಡಿ, ಸೊನ್ನೆ ಅಂತ ಬರೆಯಿರಿ. ಮೀನು ಸಿಕ್ಕ ದಿನ ಮಾತ್ರ ಬರೆದರೆ ಪುಸ್ತಕದಲ್ಲಿ ಹೊಳೆ ಯಾವಾಗಲೂ ತುಂಬಿಯೇ ಇರುತ್ತದೆ.