ಗಿಣಿಗೂ ಬಾಯಾರುತ್ತದೆ

ಶಿವಮೊಗ್ಗದ ಓದುಗರೊಬ್ಬರ ಪತ್ರ: "ನಿಮ್ಮ ಹೊಸ ಧಾರಾವಾಹಿಯಲ್ಲಿ ಮಾಯಾಲೋಕದ ಗಿಣಿಯೊಂದು ವಾರ ವಾರವೂ ರಾಜಕುಮಾರನಿಗೆ ಬುದ್ಧಿ ಹೇಳುತ್ತದೆ. ಹಕ್ಕಿ ವೇದಾಂತ ಮಾತಾಡೋದು ಪರದೇಶದ ಫ್ಯಾಂಟಸಿಯ ನಕಲು. ನಮ್ಮಲ್ಲಿ ಗಿಣಿ ಅಂದ್ರೆ ಗಿಣಿಪಾಠ, ಅಷ್ಟೆ."

ಸ್ವಾಮಿ, ನಿಮ್ಮ ದೂರು ಅರ್ಧ ಸರಿ, ಅರ್ಧ ತಪ್ಪು. ತಪ್ಪಿರುವ ಅರ್ಧ ಮೊದಲು ನೋಡೋಣ.

7ನೇ ಶತಮಾನದಲ್ಲಿ ಹರ್ಷನ ಆಸ್ಥಾನದಲ್ಲಿದ್ದ ಬಾಣಭಟ್ಟ 'ಕಾದಂಬರಿ' ಬರೆದ. ಮುಗಿಸುವ ಮೊದಲೇ ತೀರಿಕೊಂಡ, ಉಳಿದದ್ದನ್ನು ಮಗ ಬರೆದ. ಅದನ್ನು ನಾಗವರ್ಮ ಕನ್ನಡಕ್ಕೆ ತಂದ. ಆ ಕಥೆಯನ್ನು ರಾಜ ಶೂದ್ರಕನಿಗೆ ಹೇಳುವುದು ಯಾರು? ವೈಶಂಪಾಯನ ಅನ್ನುವ ಗಿಣಿ! ಗಿಣಿ ಹೇಳಿದ ಕಥೆಯ ಹೆಸರನ್ನೇ ಇಡೀ ಒಂದು ಸಾಹಿತ್ಯ ಪ್ರಕಾರಕ್ಕೆ ಇಟ್ಟುಕೊಂಡವರು ನಾವು. ಇನ್ನು ಆಮದಿನ ಮಾತೆಲ್ಲಿ ಬಂತು?

ಹುಡುಗಿಯೊಬ್ಬಳು ಪಂಜರದ ಗಿಣಿಯೊಂದಿಗೆ ವಿದಿಶೆಯ ಅರಮನೆಗೆ ಬರುತ್ತಾಳೆ. ಗಿಣಿ ಬಲಗಾಲು ಎತ್ತಿ ರಾಜನನ್ನು ಹೊಗಳಿ ಪದ್ಯ ಹೇಳುತ್ತದೆ. ರಾಜನಿಗೆ ಆಶ್ಚರ್ಯ. ಪಕ್ಕದಲ್ಲಿದ್ದ ಮಂತ್ರಿಗೆ ಅದೇನೂ ದೊಡ್ಡದಲ್ಲ. ಮೊದಲು ಗಿಳಿಗಳೆಲ್ಲ ಮನುಷ್ಯರ ಹಾಗೇ ಸ್ಪಷ್ಟವಾಗಿ ಮಾತಾಡ್ತಿದ್ದವು, ಅಗ್ನಿಯ ಶಾಪದಿಂದ ತೊದಲು ಬಂತು, ಆನೆಯ ನಾಲಿಗೆ ತಿರುಚಿಕೊಂಡಿದ್ದೂ ಅದೇ ಶಾಪದಿಂದ ಅನ್ನುತ್ತಾನೆ. ಮಾಯಾಲೋಕ ಕಟ್ಟುವುದು ಅಂದರೆ ಇದು, ಅಲ್ವಾ? ಒಂದೇ ಸಾಲಿನಲ್ಲಿ ಕೆಲಸ ಮುಗೀತು.

ಊಟವಾದ ಮೇಲೆ ರಾಜ ಕೇಳುತ್ತಾನೆ, ಏನಾದರೂ ತಿಂದೆಯಾ ಅಂತ. ಗಿಣಿ ಪಟ್ಟಿಯನ್ನೇ ಕೊಡುತ್ತದೆ. ನೇರಳೆ ಹಣ್ಣಿನ ರಸ (ಒಗರೂ ಸಿಹಿಯೂ ಇತ್ತಂತೆ), ದಾಳಿಂಬೆ ಬೀಜ, ನೆಲ್ಲಿಕಾಯಿ.

ಈಗ ನಿಮ್ಮ ಸರಿಯಾದ ಅರ್ಧ. ಬರೀ ಬುದ್ಧಿ ಹೇಳುವ ಹಕ್ಕಿ ನಿಜವಾಗಿಯೂ ಬೋರು. ಬಾಣನ ಗಿಣಿಗೆ ಶಾಸ್ತ್ರವೆಲ್ಲ ಗೊತ್ತು, ಆದರೂ ಅದು ಹೇಳುವುದು ತನ್ನ ನಾಚಿಕೆಯನ್ನು. ಪಂಪಾ ಸರೋವರದ ಹತ್ತಿರ ಬೂರುಗದ ಮರದ ಪೊಟರೆಯಲ್ಲಿ ಹುಟ್ಟಿತು, ಹೆರುವಾಗಲೇ ತಾಯಿ ಸತ್ತಳು. ಒಂದು ದಿನ ಮುದಿ ಬೇಡನೊಬ್ಬ ಮರ ಹತ್ತಿ, ಹಣ್ಣು ಕಿತ್ತ ಹಾಗೆ ಮರಿಗಳನ್ನು ಕಿತ್ತು, ಕೊಂದು ಕೆಳಗೆಸೆಯುತ್ತಾನೆ. ಮುದಿ ಅಪ್ಪನನ್ನೂ ಕೊಂದ. ಅಪ್ಪನ ರೆಕ್ಕೆಯೊಳಗಿದ್ದ ಈ ಮರಿ ಅವನ ಕಣ್ಣಿಗೆ ಬೀಳದೆ, ಹೆಣದ ಜೊತೆಗೇ ತರಗೆಲೆಯ ಗುಡ್ಡೆ ಮೇಲೆ ಬಿತ್ತು. ಅಳಲಿಲ್ಲ. ತೆವಳಿಕೊಂಡು ಹೋಗಿ ಬಚ್ಚಿಟ್ಟುಕೊಂಡಿತು, ಆಮೇಲೆ ಬಾಯಾರಿಕೆ ತಡೆಯಲಾರದೆ ನೀರು ಹುಡುಕಿಕೊಂಡು ಹೊರಟಿತು. ಅಪ್ಪ ಸತ್ತರೂ ನನಗೆ ಬದುಕಬೇಕು, ಎಂಥ ಕಲ್ಲೆದೆ ನನ್ನದು ಅಂತ ತನ್ನನ್ನೇ ಬೈದುಕೊಳ್ಳುತ್ತದೆ.

ಇಷ್ಟಾಗಿಯೂ ತಾನು ಯಾರು ಅನ್ನುವುದು ಅದಕ್ಕೆ ಗೊತ್ತಿರಲಿಲ್ಲ, ಕೊನೆಗೆ ಅದು ಸೇರಿದ ಆಶ್ರಮದ ಜಾಬಾಲಿ ಮುನಿಯೇ ಹೇಳಬೇಕಾಯ್ತು. ಹಿಂದಿನ ಜನ್ಮದಲ್ಲಿ ಹೆಣ್ಣೊಬ್ಬಳು ಬೇಡ ಅಂದರೂ ಕೇಳದೆ ಬೆನ್ನುಬಿದ್ದು, ಅವಳಿಂದ ಶಾಪ ತಿಂದು ಗಿಣಿಯಾದವನು. ಗೊತ್ತಾದ ಮೇಲಾದರೂ ತೆಪ್ಪಗಿದ್ದನೇ? ರೆಕ್ಕೆ ಬಲಿಯುತ್ತಿದ್ದ ಹಾಗೆ ಆಶ್ರಮದಿಂದ ಹಾರಿ, ದಣಿದು ನಿದ್ದೆಹೋಗಿ, ಎಚ್ಚರವಾದಾಗ ಬಲೆಯೊಳಗಿದ್ದ.

ನಮ್ಮ ಧಾರಾವಾಹಿಯ ಹಳೇ ಕಂತುಗಳನ್ನು ನಿನ್ನೆ ರಾತ್ರಿ ಮತ್ತೆ ತಿರುವಿಹಾಕಿದೆ. ಅದರ ಗಿಣಿ ಇಲ್ಲಿಯವರೆಗೆ ಒಂದು ಕಾಳೂ ತಿಂದಿಲ್ಲ, ಒಮ್ಮೆಯೂ ಹೆದರಿಲ್ಲ. ನಿಮ್ಮ ಪತ್ರವನ್ನು ಲೇಖಕರಿಗೆ ಕಳಿಸಿದ್ದೇನೆ. ಜೊತೆಗೆ ಒಂದು ಚೀಟಿ: ಮುಂದಿನ ವಾರ ಅದಕ್ಕೆ ನಾಲ್ಕು ನೇರಳೆ ಹಣ್ಣಾದರೂ ಕೊಡಿ.