ಗುಬ್ಬಿ ಮೇಲೆ ಬ್ರಹ್ಮಾಸ್ತ್ರ: ಚಿಲ್ಲರೆ ತಪ್ಪಿಗೆ ದೊಡ್ಡ ಸೆಕ್ಷನ್ ಯಾಕೆ?

ಪ್ರಶ್ನೆ: ಅಮೆರಿಕದಲ್ಲಿ ಚಿಕ್ಕ ಮೀನು ಹಿಡಿದ ಬೆಸ್ತನೊಬ್ಬನ ಮೇಲೆ 20 ವರ್ಷ ಜೈಲಾಗಬಹುದಾದ ಕೇಸು ಹಾಕಿದ್ದರಂತೆ. ನಿಜವಾ? ಸರ್ಕಾರಿ ವಕೀಲರು ಹೀಗೆ ಅಧಿಕಾರ ಚಲಾಯಿಸಿದರೆ ಕೇಳುವವರೇ ಇಲ್ಲವಾ?

ಉತ್ತರ: ನಿಜ. ಆದರೆ ಕೇಸು ಬಿದ್ದದ್ದು ಮೀನು ಹಿಡಿದದ್ದಕ್ಕಲ್ಲ, ಎಸೆದದ್ದಕ್ಕೆ. 2007ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಜಾನ್ ಯೇಟ್ಸ್ ಅವರ ದೋಣಿ ಹತ್ತಿದ ಅಧಿಕಾರಿ, 20 ಇಂಚಿಗಿಂತ ಚಿಕ್ಕದಾದ 72 ಗ್ರೂಪರ್ ಮೀನು ಎತ್ತಿಟ್ಟು, ಹಾಗೇ ದಡಕ್ಕೆ ತನ್ನಿ ಎಂದರು. ದಡದಲ್ಲಿ ಎಣಿಸಿದರೆ 69! ಅಳತೆಯೂ ಹೊಂದಲಿಲ್ಲ. ಯೇಟ್ಸ್ ಹೇಳಿದ್ದಕ್ಕೆ ಮೀನನ್ನು ಸಮುದ್ರಕ್ಕೆ ಎಸೆದೆವು ಎಂದು ಕೆಲಸಗಾರನೊಬ್ಬ ಬಾಯಿಬಿಟ್ಟ.

ಚಿಕ್ಕ ಮೀನು ಹಿಡಿದರೆ ಸಿವಿಲ್ ದಂಡ ಅಷ್ಟೇ. ಆದರೆ ಪ್ರಾಸಿಕ್ಯೂಟರ್, ಅಂದರೆ ಸರ್ಕಾರಿ ವಕೀಲರು, ಹುಡುಕಿ ತೆಗೆದ ಸೆಕ್ಷನ್ಗಳಲ್ಲಿ ಒಂದು, ಎನ್ರಾನ್ ಕಂಪನಿಯ ಲೆಕ್ಕಪತ್ರ ಹಗರಣದ ನಂತರ 2002ರಲ್ಲಿ ಬಂದ ಸರ್ಬೇನ್ಸ್-ಆಕ್ಸ್‌ಲಿ ಕಾಯ್ದೆಯದು. ಕಂಪನಿಯ ಕಡತ ನಾಶ ಮಾಡುವವರಿಗೆಂದು ಬರೆದದ್ದು. 20 ವರ್ಷದ ಮಾತು ಬಂದದ್ದು ಇದರಿಂದಲೇ. ಯೇಟ್ಸ್ 30 ದಿನ ಜೈಲು ಕಂಡರು. ಆ ಸೆಕ್ಷನ್ ಮೀನಿಗೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2015ರಲ್ಲಿ, ಅದೂ 5-4ರ ಅಂತರದಲ್ಲಿ.

ದೊಡ್ಡ ಸೆಕ್ಷನ್ ಜಡಿಯುವುದರ ಲಾಭ ತೀರ್ಪಿಗಿಂತ ತಪ್ಪೊಪ್ಪಿಗೆಯ ಚೌಕಾಸಿಯಲ್ಲಿ ಜಾಸ್ತಿ. ಪಾಲ್ ಹೇಯ್ಸ್ ಕೇಸು ನೋಡಿ. 88 ಡಾಲರ್ 30 ಸೆಂಟಿನ ನಕಲಿ ಚೆಕ್ಕು. ತಪ್ಪೊಪ್ಪಿಕೊಂಡರೆ 5 ವರ್ಷ, ಇಲ್ಲದಿದ್ದರೆ ಪದೇ ಪದೇ ತಪ್ಪು ಮಾಡುವವರ ಕಾನೂನು ಹಾಕುತ್ತೇನೆ ಎಂದರು ಪ್ರಾಸಿಕ್ಯೂಟರ್. ಹೇಯ್ಸ್ ಒಪ್ಪಲಿಲ್ಲ. ಜೀವಾವಧಿ ಆಯಿತು. ಇದು ತಪ್ಪಲ್ಲ ಎಂದು 1978ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಮೇಲ್ಮನವಿ ಹೋದ ಸಿಟ್ಟಿಗೆ ಆರೋಪ ದೊಡ್ಡದು ಮಾಡುವಂತಿಲ್ಲ ಎಂದು 1974ರಲ್ಲಿ ಹೇಳಿದ್ದೂ ಅದೇ ಕೋರ್ಟು. ಈ ವ್ಯತ್ಯಾಸ ನನಗಂತೂ ಇನ್ನೂ ಜೀರ್ಣವಾಗಿಲ್ಲ.

ಇನ್ನು ಕೇಳುವವರ ಮಾತು. ಕೋರ್ಟಿನಲ್ಲಿ ಕೇಸು ನಡೆಸುವ ಕೆಲಸಕ್ಕೆ ಪ್ರಾಸಿಕ್ಯೂಟರ್ ಮೇಲೆ ಪರಿಹಾರ ಕೇಳಿ ದಾವೆ ಹೂಡುವಂತಿಲ್ಲ, ಬೇಕಂತಲೇ ಸುಳ್ಳು ಸಾಕ್ಷ್ಯ ಬಳಸಿದ್ದರೂ! ಇದು ಸುಪ್ರೀಂ ಕೋರ್ಟಿನ 1976ರ ಇಂಬ್ಲರ್ ತೀರ್ಪು. ವಕೀಲರ ಶಿಸ್ತು ಸಮಿತಿಗೆ ದೂರು ಕೊಡಬಹುದು. ಬಹುತೇಕ ರಾಜ್ಯಗಳಲ್ಲಿ ಸ್ಥಳೀಯ ಮುಖ್ಯ ಪ್ರಾಸಿಕ್ಯೂಟರನ್ನು ಜನರೇ ಆರಿಸುತ್ತಾರೆ, ಬೇಡವಾದರೆ ಸೋಲಿಸಬಹುದು. ಯೇಟ್ಸ್ ಮೇಲೆ ಕೇಸು ಹಾಕಿದ್ದು ಮಾತ್ರ ಫೆಡರಲ್ (ಕೇಂದ್ರ ಸರ್ಕಾರದ) ಪ್ರಾಸಿಕ್ಯೂಟರ್ ಕಚೇರಿ. ಅಲ್ಲಿನ ಮುಖ್ಯಸ್ಥರನ್ನು ನೇಮಿಸುವುದು ಅಧ್ಯಕ್ಷರು, ಓಟಿನ ದಾರಿಯೂ ಇಲ್ಲ.